ಬಣ್ಣ ಬಳಿದ ಕಿಟಕಿ

ಸೆಪ್ಟೆಂಬರ್ ಹದಿನೆಂಟು, ಮಂಗಳವಾರ, ಬೆಳಿಗ್ಗೆ ಒಂಬತ್ತೂವರೆ. ಮ್ಯಾನ್‌ಹ್ಯಾಟನ್ ನಡುಭಾಗದ ಒಂದು ಪೊಲೀಸ್ ಠಾಣೆಗೆ ರೆನಾಟಾ ಫೆಲಿಸಿಯಾನೊ ಎಂಬ ವೃದ್ಧೆ ದೂರು ಕೊಡಲು ಬಂದರು. ಮಣಿಕಟ್ಟಿನ ಆಸ್ಪತ್ರೆ ಪಟ್ಟಿಯನ್ನು ಇನ್ನೂ ಕತ್ತರಿಸಿರಲಿಲ್ಲ. ನಾಟಕ ಕಂಪನಿಗಳಿಗೆ ಬಟ್ಟೆ ಹೊಲಿದು ಬದುಕಿದವರು. ಒಂದು ವಾರ ಆಸ್ಪತ್ರೆಯಲ್ಲಿದ್ದು ಮನೆಗೆ ಮರಳಿದರೆ ಬಾಗಿಲಿಗೆ ಬೇರೆ ಬೀಗ. ತಟ್ಟಿದಾಗ ಒಳಗಿನಿಂದ ಯಾರೋ ಹುಡುಗ ಇಣುಕಿ, "ಯಾರು ಬೇಕಿತ್ತು?" ಎಂದಿದ್ದ.

ಕಾನ್‌ಸ್ಟೇಬಲ್ ಝೆಲಿನ್ಸ್ಕಿ ಕಂಪ್ಯೂಟರಿನಿಂದ ಕಣ್ಣು ತೆಗೆಯಲಿಲ್ಲ. "ಇದು ಸಿವಿಲ್ ವ್ಯಾಜ್ಯ ಅಮ್ಮ. ಕೋರ್ಟಿಗೆ ಹೋಗಿ."

"ಹೋಗ್ತೀನಿ. ಅಲ್ಲಿ ರಾತ್ರಿ ಮಲಗೋಕೆ ಮಂಚ ಹಾಕ್ಕೊಡ್ತಾರೇನಪ್ಪಾ?"

ಒಳಗಿನ ಕೋಣೆಯಲ್ಲಿದ್ದ ಸಾರ್ಜೆಂಟ್ ಡೆಲ್‌ರಾಯ್ ಪಿನಾಕ್‌ಗೆ ಇದು ಕೇಳಿಸಿತು. ಸಿವಿಲ್ ವ್ಯಾಜ್ಯ! ಬಡವರನ್ನು ಮೆಟ್ಟಿಲಿಂದಲೇ ಸಾಗಹಾಕಲು ಪೊಲೀಸರು ಮೊದಲು ಕಲಿಯುವ ಮಂತ್ರ ಅದು. ಅವನ ಮೈ ಉರಿದುಹೋಯಿತು.

"ಏಯ್ ಝೆಲಿನ್ಸ್ಕಿ, ಕೋರ್ಟ್ ಆರ್ಡರ್ ಇಲ್ದೆ ಬಾಡಿಗೆದಾರರನ್ನ ಆಚೆ ಹಾಕೋದು ಅಪರಾಧ ಕಣಯ್ಯಾ. ಇನ್ನೆಷ್ಟು ಸಲ ಹೇಳ್ಲಿ? ದೂರು ಬರ್ಕೋ. ಅಮ್ಮ ಇವತ್ತು ರಾತ್ರಿ ತಮ್ಮ ಮಂಚದಲ್ಲೇ ಮಲಗ್ಬೇಕು."

ಮಾಲೀಕರ ಕಚೇರಿಗೆ ಫೋನು ಹೋಯಿತು. ಮ್ಯಾನೇಜರ್ ಮ್ಯಾಡಕ್ಸ್‌ನ ದನಿಯಲ್ಲಿ ಜೇನು ಸುರಿಯುತ್ತಿತ್ತು.

"ಆ ಒಂಟಿ ಕೋಣೆ ಸ್ಟುಡಿಯೋ ಮನೆ ಎರಡು ವರ್ಷದಿಂದ ಖಾಲಿ ಸಾರ್. ಆಯಮ್ಮ ಬ್ರಾಂಕ್ಸ್‌ನಲ್ಲಿ ತಂಗಿ ಮನೆ ಸೇರ್ಕೊಂಡಿದಾರೆ. ವಯಸ್ಸಾಯ್ತಲ್ಲ, ಪಾಪ, ನೆನಪಿರಲ್ಲ."

ಆಕೆಯ ಕಾಗದಪತ್ರಗಳೆಲ್ಲ ಕೋಣೆಯೊಳಗಿದ್ದವು. ಆ ಮಹಡಿಯ ಉಳಿದ ಬಾಡಿಗೆದಾರರನ್ನು ಹಿಂದೆಯೇ ಎಬ್ಬಿಸಿಯಾಗಿತ್ತು. ಸಾಕ್ಷಿ ಹೇಳಲು ಒಂದು ನರಪಿಳ್ಳೆಯೂ ಇರಲಿಲ್ಲ.

"ಅಮ್ಮ, ಅವರು ಎಲ್ಲಾ ತೆಗೆದುಹಾಕಿರ್ತಾರೆ. ಅವರ ಕಣ್ಣಿಗೆ ಬೀಳದೇ ಇರೋದು ಏನಾದ್ರೂ ಇದ್ಯಾ?" ಎಂದ ಪಿನಾಕ್.

ರೆನಾಟಾ ಯೋಚಿಸಿದರು. "ಅಡುಗೆ ಕಿಟಕಿ ಆಚೆ, ಬೆಂಕಿ ಬಿದ್ರೆ ಇಳಿಯೋ ಕಬ್ಬಿಣದ ಮೆಟ್ಟಿಲ ಮೇಲೆ, ಕೆಂಪು ಕಾಫಿ ಡಬ್ಬೀಲಿ ಕೊತ್ತಂಬರಿ ಬೆಳೆದಿದೀನಿ. ಅಗಲ ಎಲೇದು, ನಮ್ಮ ಪೋರ್ಟೊ ರಿಕೊದ್ದು. ಅದು ಹಾಕ್ದೇ ಹುರುಳಿ ಬೇಯಿಸಿದ್ರೆ ನಮ್ಮಮ್ಮ ತಟ್ಟೆ ಮುಟ್ತಿರಲಿಲ್ಲ."

ಹನ್ನೊಂದು ಗಂಟೆಗೆ ಮೂವರೂ ನಾಲ್ಕನೇ ಮಹಡಿ ಹತ್ತಿದರು. ಬಾಗಿಲು ತೆರೆದ ಹುಡುಗನ ಹೆಸರು ಕೈಲ್. ಬಂದು ಎರಡು ದಿನವಾಗಿತ್ತು. ತನ್ನನ್ನು ಸೆಳೆದ ಜಾಹೀರಾತನ್ನು ಫೋನಿನಲ್ಲಿ ತೋರಿಸಿದ: ಮಹಾಯುದ್ಧಕ್ಕಿಂತ ಹಳೆಯ ಕಟ್ಟಡ, ಎತ್ತರದ ಸೂರು, ಓಕ್ ಮರದ ನೆಲ. ಗೋಡೆಗೆ ವಯಸ್ಸಾದರೆ ಬಾಡಿಗೆ ಏರುತ್ತದೆ. ಆ ಗೋಡೆಗಳ ನಡುವೆ ಬಾಳಿದವಳಿಗೆ ವಯಸ್ಸಾದರೆ ಅವಳು ಕಸ. ಇದು ಈ ಊರಿನ ನ್ಯಾಯ.

ಮಹಜರು ಶುರುವಾಯಿತು. ಕೋಣೆ ಆಸ್ಪತ್ರೆಯಷ್ಟು ಬಿಳಿ. ಈ ಹಳೆಯ ಕಟ್ಟಡಗಳಲ್ಲಿ ಯಾರು ಖಾಲಿ ಮಾಡಿದರೂ ಮಾಲೀಕರು ಮಾಡುವುದು ಒಂದೇ ಕೆಲಸ: ಹಳೆಯದನ್ನು ಕೆರೆಯದೆ ಮೇಲಿಂದ ಮೇಲೆ ಸುಣ್ಣದಂತೆ ಬಣ್ಣ ಬಳಿಯುವುದು. ಸ್ವಿಚ್ಚು, ಮೊಳೆ, ಕೀಲು, ಸತ್ತ ಜಿರಲೆ, ಎಲ್ಲದರ ಮೇಲೂ ಬಣ್ಣ. ಅಡುಗೆ ಕಿಟಕಿಯ ಮಂಜುಗಾಜಿನ ಸುತ್ತಲೂ ಬಳಿದಿದ್ದರು. ಮೇಲಕ್ಕೆ ಸರಿಯಬೇಕಾದ ಕದ ಚೌಕಟ್ಟಿಗೆ ಅಂಟಿ ಕೂತಿತ್ತು.

"ಇದನ್ನ ತೆಗೆದಿದ್ಯಾ?" ಪಿನಾಕ್ ಕೇಳಿದ.

"ತೆಗೆಯೋಕೆ ಎಲ್ಲಾಗತ್ತೆ ಸಾರ್? ಗುದ್ದಿ ಗುದ್ದಿ ಸಾಕಾಯ್ತು," ಎಂದ ಕೈಲ್.

ಝೆಲಿನ್ಸ್ಕಿ ಚಾಕುವಿನಿಂದ ಬಣ್ಣ ಸೀಳಿ ಕಿಟಕಿ ಎತ್ತಿದ. ಆಚೆ ಕೆಂಪು ಡಬ್ಬಿ. ಅದರಲ್ಲಿ ಹಸಿರಾಗಿ ನಗುತ್ತಿದ್ದ ಸೊಪ್ಪು. ಅವಸರದಲ್ಲಿ ಬಣ್ಣ ಬಳಿದವರು ಸಾಕ್ಷಿಯನ್ನು ತಾವೇ ಆಚೆ ಭದ್ರವಾಗಿ ಮುಚ್ಚಿಟ್ಟಿದ್ದರು.

"ಎರಡು ವರ್ಷದಿಂದ ಖಾಲಿ ಇರೋ ಮನೇಲಿ ಬೆಳೆಯೋ ಕೊತ್ತಂಬರಿ!" ಝೆಲಿನ್ಸ್ಕಿ ಶಿಳ್ಳೆ ಹಾಕಿದ.

ಪಿನಾಕ್ ಮಣ್ಣಿಗೆ ಬೆರಳಿಟ್ಟ. ಒದ್ದೆ. ಊರಿಗೆ ಮಳೆ ಬಿದ್ದು ಬಹಳ ದಿನವಾಗಿತ್ತು. ರೆನಾಟಾ ಆಸ್ಪತ್ರೆಯಲ್ಲಿದ್ದರು, ಹುಡುಗನಿಗೆ ಕಿಟಕಿ ತೆಗೆಯಲಾಗಿರಲಿಲ್ಲ. ನೀರು ಹಾಕಿದವರು ಕಬ್ಬಿಣದ ಮೆಟ್ಟಿಲು ಹತ್ತಿ ಬಂದಿರಬೇಕು. ಆ ಮೆಟ್ಟಿಲು ಇಳಿಯುವುದು ಹಿತ್ತಲಿಗೆ. ಹಿತ್ತಲ ಗೇಟಿನ ಕೀಲಿ ಇರುವುದು ಒಬ್ಬನ ಸೊಂಟದಲ್ಲಿ.

ಕಟ್ಟಡದ ಉಸ್ತುವಾರಿ ಬೆಸ್ನಿಕ್ ಹೋತಿ ನೆಲಮಾಳಿಗೆಯಲ್ಲಿ ಬಾಯ್ಲರ್ ಒರೆಸುತ್ತಿದ್ದ. ಪಕ್ಕದ ಎರಡು ಕೋಣೆಯೇ ಅವನ ಸಂಸಾರ. ರೆನಾಟಾರನ್ನು ಕಂಡದ್ದೇ ಬಟ್ಟೆ ಕೈಜಾರಿ ಬಿತ್ತು.

"ಬೀಗ ಬದಲಾಯಿಸಿದ್ದು ಯಾರು?"

"ನಾನೇ ಸಾರ್."

"ಹೇಳಿದ್ದು?"

"ಮ್ಯಾಡಕ್ಸ್ ಸಾಹೇಬ್ರು. ಮುದುಕಿ ಆಸ್ಪತ್ರೇಲಿದೆ, ಇದೇ ಸಮಯ ಅಂದ್ರು. ಆ ಕೋಣೆ ಖಾಲಿ ಆಗ್ಲಿಲ್ಲ ಅಂದ್ರೆ ನೀನು ನೆಲಮಾಳಿಗೆ ಖಾಲಿ ಮಾಡು ಅಂದ್ರು."

"ಇವರ ಸಾಮಾನು?"

"ಎಸಿ ಅಂದಿದ್ರು..." ಹೋತಿ ಬಾಯ್ಲರ್ ಹಿಂದಿನ ಟಾರ್ಪಾಲು ಎತ್ತಿದ. ಮಂಚ, ಪೆಟ್ಟಿಗೆಗಳು, ಹಳೆ ಚಾದರ ಸುತ್ತಿದ ಹೊಲಿಗೆ ಮೆಷಿನ್ನು.

ರೆನಾಟಾ ಅವನ ಮುಖವನ್ನೇ ನೋಡಿದರು. "ನಿನ್ನ ಮಗಳ ಮದುವೆ ಲಂಗಕ್ಕೆ ಅಂಚು ಹೊಲಿದದ್ದು ಇದೇ ಮೆಷಿನ್ನಲ್ಲಿ ಅಲ್ವೇನೋ, ಬೆಸ್ನಿಕ್?"

ಅವನು ಪಿನಾಕ್‌ನತ್ತ ತಿರುಗಿದ. ಕೈ ಮುಂದೆ ಚಾಚಿದ. ಕೋಳ ಬಿತ್ತು.

ಮಧ್ಯಾಹ್ನ ಮ್ಯಾಡಕ್ಸ್‌ನನ್ನೂ ಎಳೆತಂದರು. ಅವನ ಬೆನ್ನಿಗೇ ವಕೀಲ ಬಂದ, ಸಂಜೆಗೆ ಮ್ಯಾಡಕ್ಸ್ ಜಾಮೀನಿಗೆ ಸಹಿ ಹಾಕಿ ಕಾರು ಹತ್ತಿದ. ಅವನ ಮೇಲಿನ ಮಾಲೀಕನನ್ನು ಹುಡುಕಿ ಹೊರಟ ಪಿನಾಕ್‌ಗೆ ಸಿಕ್ಕಿದ್ದು ಒಂದು ಕಂಪನಿಯ ಹೆಸರು, ಅದರ ಹಿಂದೆ ಇನ್ನೊಂದು ಕಂಪನಿಯ ಹೆಸರು. ಹೆಸರಿಗೆ ಕೋಳ ತೊಡಿಸಲು ಮಣಿಕಟ್ಟೆಲ್ಲಿದೆ?

"ನಾನೆಲ್ಲಿ ಹೋಗ್ಲಿ ಸಾರ್?" ಎಂದ ಕೈಲ್.

"ನಿಂಗೆ ಸುಳ್ಳು ಮಾರಿದ್ದಾರಲ್ಲ, ಅವರ ಮನೆ ಬಾಗಿಲಿಗೆ. ಮೊದ್ಲು ಆ ಮಂಚಕ್ಕೊಂದು ಕೈ ಕೊಡು."

ಕತ್ತಲಾಗುವ ಮುಂಚೆ ರೆನಾಟಾರ ಮಂಚ ಮೇಲೇರಿತು. ಠಾಣೆಯಲ್ಲಿ ಹೋತಿಯ ಹೇಳಿಕೆ ಮುಗಿಯುತ್ತ ಬಂದಿತ್ತು. ಅವನ ಕೆಲಸವೂ ನೆಲಮಾಳಿಗೆಯೂ ಹೋದವೆಂದು ಮಗಳು ಫೋನಿನಲ್ಲಿ ಹೇಳಿದ್ದಳು.

"ಕೊನೇ ಪ್ರಶ್ನೆ," ಎಂದ ಪಿನಾಕ್. "ಆಚೆ ಹಾಕಿದವನು ನೀನೇ. ಮತ್ತೆ ನಾಲ್ಕು ಮಹಡಿ ಹತ್ತಿ ಅವರ ಡಬ್ಬಿಗೆ ನೀರು ಯಾಕೆ ಹಾಕ್ದೆ?"

"ಒಣಗ್ತಾ ಇತ್ತು ಸಾರ್."

ಝೆಲಿನ್ಸ್ಕಿ ಅದನ್ನು ಹಾಗೆಯೇ ಬರೆದುಕೊಂಡ.