ಹೊನ್ನಕ್ಕನಿಗೆ ಬಂದ ಸೀರೆ

"ತಗೋ ಹೊನ್ನಕ್ಕ!"

ಬಾಗಿಲಲ್ಲಿ ನಿಂತಿದ್ದ ಓಬಳಯ್ಯನ ಎರಡೂ ಕೈಯಲ್ಲಿ ಒಂದು ಸೀರೆ! ಗಿಳಿಹಸಿರು ಮೈ, ಅರಿಶಿನದ ಅಂಚು.

ರಾಗಿ ಬೀಸುತ್ತಿದ್ದ ಹೊನ್ನಕ್ಕನ ಕೈ ಬೀಸುಕಲ್ಲಿನ ಗೂಟದ ಮೇಲೇ ನಿಂತುಹೋಯಿತು.

"ಏ... ಏನಿದು?"

"ನಿಂಗೇ ಸೇರ್ಬೇಕಾದ್ದು. ಮಹಾರಾಜರ ವರ್ಧಂತಿ ದಿನ ಇದನ್ನ ಉಟ್ಕಂಡು ಪುರವರಕ್ಕೆ ಬಾ. ಯಾಕಂದ್ರೆ..."

ಅವನು ಮುಂದಿನ ಮಾತು ಹುಡುಕುತ್ತಿರುವಾಗಲೇ ಪಕ್ಕದ ಮನೆ ಕೆಂಚಮ್ಮ ನೀರಿನ ಕೊಡ ಹೊತ್ತು ಬಂದಳು. ಸೀರೆ ನೋಡಿದಳು. ಓಬಳಯ್ಯನನ್ನು ನೋಡಿದಳು. ಕಣ್ಣರಳಿಸಿದಳು.

"ಅಯ್ಯೋ ನಮ್ಮಪ್ಪ! ಕೊನೆಗೂ ಬಂತಾ ಧೈರ್ಯ!"

ಅಷ್ಟೇ! ನಲವತ್ತು ದಾಟಿದ ಗಂಡಸು, ಊರೂರಲ್ಲಿ ಕೋಲಾಟ ಕುಣಿಸುವ ಮೇಷ್ಟ್ರು, ಸೀರೆಯನ್ನು ಬೀಸುಕಲ್ಲಿನ ಪಕ್ಕ ಇಟ್ಟು, ಮೆಟ್ಟು ಹಾಕಿಕೊಳ್ಳುವುದನ್ನೂ ಮರೆತು ಓಡಿಬಿಟ್ಟ.

"ಮೆಟ್ಟೂ ಬುಟ್ಟು ಓಡೋದ್ನಲ್ಲೇ! ಇನ್ನೇನೇ ಬೇಕು ನಿಂಗೆ?" ಕೆಂಚಮ್ಮ ಕೊಡ ಇಳಿಸಿ ನಕ್ಕಳು.

ಮಿಡಿಗೇಶಿ ಕಡೆಯ ಒಕ್ಕಲು ಮನೆಗಳಲ್ಲಿ ಇದಕ್ಕೆ ಯಾರೂ ಅರ್ಥ ಹೇಳಿಕೊಡಬೇಕಿಲ್ಲ. ಗಂಡ ತೀರಿಕೊಂಡವಳಿಗೆ ಗಂಡಸು ಸೀರೆ ತಂದುಕೊಟ್ಟರೆ ಕೂಡಿಕೆಗೆ ಕೇಳಿದ ಹಾಗೆ. ಅವಳು ಅದನ್ನು ಉಟ್ಟರೆ ಮರುಮದುವೆಗೆ ಒಪ್ಪಿದ ಹಾಗೆ.

ಹೊನ್ನಕ್ಕನ ಗಂಡ ಪ್ಲೇಗಿನಲ್ಲಿ ಹೋದಾಗ ಅವಳಿಗಿನ್ನೂ ಸಂಸಾರವೆಂದರೆ ಏನೆಂದೇ ಗೊತ್ತಿರಲಿಲ್ಲ. ಅಂದಿನಿಂದ ಮದುವೆ ಚಪ್ಪರದೊಳಗೆ ಅವಳು ಕಾಲಿಡುವಂತಿಲ್ಲ. ಆದರೆ ಸೋಬಾನೆ ಪದಗಳೆಲ್ಲ ಇದ್ದದ್ದು ಅವಳ ಗಂಟಲಲ್ಲೇ! ಅಡುಗೆ ಒಲೆಯ ಹಿಂದೆ, ಗೋಡೆಗೆ ಒರಗಿ ಕೂರುವಳು. ಒಳಗೆ ಹಾಡುವ ಮುತ್ತೈದೆಯರಿಗೆ ಸೊಲ್ಲು ಮರೆತರೆ ಒಬ್ಬಳು ಓಡಿ ಬರುವಳು.

"ಹೊನ್ನಕ್ಕ, ಧಾರೆ ಆದ್ಮೇಲೆ ಏನೇ?"

ಇವಳು ಮೆಲ್ಲಗೆ ಹೇಳಿಕೊಡುವಳು. ಅವರು ಹೋಗಿ ಗಟ್ಟಿಯಾಗಿ ಹಾಡುವರು. ಬಡವನಹಳ್ಳಿಯಿಂದ ಪುರವರದವರೆಗೆ ಅವಳ ಹಾಡು ಕೇಳದ ಮದುವೆಯಿಲ್ಲ, ಅವಳ ಬಾಯಿ ನೋಡಿದವರೂ ಇಲ್ಲ.

ಒಬ್ಬನೇ ಒಬ್ಬ, "ಗೋಡೆ ಹಿಂದಿನ ಆ ಗಂಟಲು ಯಾರ್ದು?" ಎಂದು ಹುಡುಕಿಕೊಂಡು ಬಂದಿದ್ದ. ಓಬಳಯ್ಯ! ಆಮೇಲೆ ಕೋಲಾಟಕ್ಕೆ ಪದ ಬೇಕೆಂದು ಬರುತ್ತಲೇ ಇದ್ದ. ಅವನು ಜಗಲಿಯ ಮೇಲೆ, ಅವಳು ಒಳಗೆ. ಪದ ಮುಗಿದರೂ ಅವನು ಏಳುತ್ತಿರಲಿಲ್ಲ... ಅವಳೂ ಏಳು ಅನ್ನುತ್ತಿರಲಿಲ್ಲ.

'ಇವತ್ತು ಕೇಳೇಬಿಟ್ಟನಲ್ಲ...' ಹೊನ್ನಕ್ಕ ಸೀರೆಯನ್ನು ಎದೆಗೊತ್ತಿಕೊಂಡು ಅತ್ತಳು. ಸಂಕಟದ ಅಳುವಲ್ಲ ಅದು.

* * *

ವರ್ಧಂತಿಯ ದಿನ ಅವಳು ಹಸಿರು ಸೀರೆ ಉಟ್ಟೇ ಗಾಡಿ ಹತ್ತಿದಳು. ದಾರಿಯುದ್ದಕ್ಕೂ ಕೆಂಚಮ್ಮನದ್ದೇ ಕಾಟ.

"ಒಸಿ ತಲೆ ಎತ್ತೇ! ಎತ್ತುಗಳೇ ನಿನ್ನ ನೋಡಿ ನಾಚ್ಕತಾವೆ!"

"ಸುಮ್ನಿರಕ್ಕಾ..."

ಪುರವರದ ಸ್ಕೂಲಿನ ಅಂಗಳದಲ್ಲಿ ತೋರಣ ಕಟ್ಟಿದ್ದರು. ಬದುಕೆಲ್ಲ ಕುಣಿದವರಿಗೆ, ಹಾಡಿದವರಿಗೆ, ಬಾರಿಸಿದವರಿಗೆ ಅಂದು ಸಭೆಯಲ್ಲಿ ಮರ್ಯಾದೆಯಂತೆ. ಹಲ್ಲಿಲ್ಲದ ತಮಟೆ ಕೆಂಪಯ್ಯ ಹೊಸ ರುಮಾಲು ಸುತ್ತಿಕೊಂಡು ಮದುಮಗನಂತೆ ಕೂತಿದ್ದ. ಅವನ ಪಕ್ಕ ಭತ್ತ ಕುಟ್ಟುವ ಪದಗಳ ಬೊಮ್ಮಕ್ಕಜ್ಜಿ...

ಹೊನ್ನಕ್ಕನ ಕಾಲು ಅಲ್ಲೇ ನಿಂತಿತು.

ಅಜ್ಜಿ ಉಟ್ಟಿದ್ದು ಗಿಳಿಹಸಿರು ಸೀರೆ. ಅರಿಶಿನದ ಅಂಚು!

"ಬಾಮ್ಮ, ಬಾ!" ಸ್ಕೂಲು ಮೇಷ್ಟ್ರು ಜಯರಾಮಯ್ಯ ಎದುರು ಬಂದರು. "ಸಭೆಯ ಸೀರೆ ಓಬಳಯ್ಯ ಸರಿಯಾಗಿ ತಲುಪಿಸಿದನಾ? ನಿನ್ನ ಹೆಸರು ಹೇಳಿದ್ದೂ ಅವನೇ. ಅಮಲ್ದಾರರು ಈಗ ಬರ್ತಾರೆ, ಮುಂದೆ ಕೂತ್ಕೋ."

ಸಭೆಯ ಸೀರೆ... ಸಭೆಯದು!

'ಥೂ, ನನ್ನ ಹುಚ್ಚೇ! ಈ ವಯಸ್ಸಲ್ಲಿ ಏನೆಲ್ಲ ಕನಸು ಕಂಡ್ಬುಟ್ಟೆ...' ಭೂಮಿ ಬಾಯಿ ಬಿಡಬಾರದೇ ಅನಿಸಿತು. ಕೆಂಚಮ್ಮನ ಕೈ ಕೊಡವಿ, ಸ್ಕೂಲಿನ ಹಿಂದಿನ ಹುಣಸೆ ಮರದ ಕಡೆಗೆ ಹೊರಟೇಬಿಟ್ಟಳು.

"ಹೊನ್ನಕ್ಕ! ಎಲ್ಲಿಗೆ?" ಓಬಳಯ್ಯ ಏದುಸಿರು ಬಿಡುತ್ತಾ ಹಿಂದೆ ಬಂದ.

"ಮನೆಗೆ! ಊರೋರು ನಗಕ್ಕೆ ಇಷ್ಟು ಸಾಲ್ದಾ? ಗಂಡ ಸತ್ತೋಳಿಗೆ ಸೀರೆ ತಂದ್ರೆ ಏನರ್ಥ ಅಂತ ನಿಂಗೆ ಗೊತ್ತಿಲ್ವಾ? ನಾನು... ನಾನು ಇದನ್ನ ಉಟ್ಕಂಡು ಬಂದ್ಬುಟ್ಟೆ ಕಣಯ್ಯಾ!"

ಓಬಳಯ್ಯ ಒಂದು ಹೆಜ್ಜೆ ಮುಂದೆ ಬಂದ.

"ಅಂದ್ರೆ ನೀನು... ಒಪ್ಕಂಡೇ ಉಟ್ಟೆಯಾ?"

"ಕೇಳ್ಬ್ಯಾಡ ಅದನ್ನ!" ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ಕೇಳು ಇಲ್ಲಿ. ಮೇಷ್ಟ್ರು ತಳವಾರನ ಕೈಲಿ ಕಳ್ಸ್ತೀನಿ ಅಂದ್ರು. ನಾನೇ ಕೇಳಿ ಇಸ್ಕಂಡೆ. ದಾರಿ ತುಂಬ, ಇದು ನನ್ನ ಸೀರೆ, ನಾನೇ ಕೊಡಕ್ಕೋಗ್ತಿದೀನಿ ಅಂತ ಅನ್ಕಂಡೇ ನಡೆದೆ. ಅರ್ಥ ಗೊತ್ತಿತ್ತು ಹೊನ್ನಾ. ಸಭೆ ವಿಷ್ಯ ಹೇಳಿದ್ಮೇಲೆ ನನ್ನ ವಿಷ್ಯಾನೂ ಹೇಳಾನ ಅಂತಿದ್ದೆ. ಅಷ್ಟರಲ್ಲಿ ಆ ಕೆಂಚಮ್ಮ..."

"ಓಡೋದೆ."

"ಓಡೋದೆ... ಎಷ್ಟೋ ವರ್ಷದಿಂದ ಪದ ಕಲಿಯೋ ನೆಪ ಹೇಳ್ಕಂಡು ಬಂದೋನು ನಾನು. ಅದ್ರಲ್ಲಿ ಅರ್ಧ ಪದಗಳು ನಂಗೆ ಮೊದ್ಲೇ ಬರ್ತಿದ್ವು."

ಹೊನ್ನಕ್ಕ ಮೆಲ್ಲಗೆ ಸೆರಗು ಸರಿಸಿದಳು. ಅವನ ಕಣ್ಣು ಒದ್ದೆಯಾಗಿತ್ತು. ಅವಳ ಕೋಪವೆಲ್ಲ ಎಲ್ಲಿ ಹೋಯಿತೋ!

ಅಂಚನ್ನು ಒಮ್ಮೆ ಸವರಿ ಹೇಳಿದಳು. "ಇದು ನನ್ನ ಹಾಡಿಗೆ ಬಂದ ಸೀರೆ. ಇದಕ್ಕೆ ನಾನು ಅಲ್ಲೋಗಿ ಹಾಡ್ತೀನಿ. ನಿಂದು ಏನಿದ್ರೂ... ಬೇರೆ ಸೀರೆ ತಾ!"

* * *

ಅಮಲ್ದಾರರು ಹೂವಿನ ಹಾರ ಹಾಕಿದ ಮೇಲೆ ಹೊನ್ನಕ್ಕ ಎಲ್ಲರೆದುರು ಸೋಬಾನೆ ಎತ್ತಿದಳು. ಮೊದಲ ಸೊಲ್ಲಿಗೇ ಹಿಂದಿನಿಂದ ಒಬ್ಬ ಗೊಣಗಿದ.

"ಗಂಡ ಸತ್ತೋಳು ಸಭೇಲಿ ಸೋಬಾನೆ ಹೇಳದಾ?"

ಬೊಮ್ಮಕ್ಕಜ್ಜಿ ಕೂತಲ್ಲಿಂದಲೇ ತಿರುಗಿದಳು. "ಲೇ, ನಿನ್ನ ಮದುವೇಲಿ ನಾವು ಹಾಡಿದ್ದು ಇವಳು ಹೇಳ್ಕೊಟ್ಟ ಪದಾನೇ ಕಣ್ಲಾ! ಬೇಡಾಂದ್ರೆ ಹೋಗಿ ಹೆಂಡ್ತೀನ ವಾಪಸ್ ಕೊಟ್ಟು ಬಾ!"

ನಗುವಿನ ಅಲೆ ಎದ್ದಿತು. ಅಜ್ಜಿಯೇ ಮೊದಲು ಸೊಲ್ಲಿಗೆ ದನಿಗೂಡಿಸಿದಳು. ಆಮೇಲೆ ಕೆಂಚಮ್ಮ. ಆಮೇಲೆ ಅಂಗಳದ ಹೆಂಗಸರೆಲ್ಲ! ಹೊನ್ನಕ್ಕನ ದನಿ ಇಷ್ಟು ದೊಡ್ಡದೆಂದು ಅವಳಿಗೇ ಗೊತ್ತಿರಲಿಲ್ಲ...

ಸಂಜೆ ಗಾಡಿ ಹೂಡುವಾಗ ಓಬಳಯ್ಯ ಹತ್ತಿರ ಬಂದ.

"ನಾಳೆ ಸೀರೆ ತತ್ತೀನಿ. ಕೆಂಚಮ್ಮ ಇದ್ರೂ ಓಡಲ್ಲ. ಆದ್ರೆ... ಕೂಡಿಕೆಗೆ ಸೋಬಾನೆ ಹೇಳಲ್ವಲ್ಲ ನಮ್ಮಲ್ಲಿ. ಎಲ್ಲರ ಮದುವೆಗೂ ಹಾಡಿದೋಳಿಗೆ ಹಾಡೇ ಇಲ್ದಂಗಾ?"

"ನಾನೇ ಹಾಡ್ಕತೀನಿ. ನೀನು ಸೊಲ್ಲು ಹಿಡಿ."

"ನಾನಾ! ತಪ್ಪಾದ್ರೆ?"

ಹೊನ್ನಕ್ಕ ನಕ್ಕಳು. ಅವನು ಅಷ್ಟು ಹತ್ತಿರದಿಂದ ಆ ನಗು ನೋಡಿದ್ದು ಅದೇ ಮೊದಲು.

"ತಿದ್ತೀನಿ ಬಾ. ಬದುಕೆಲ್ಲ ಐತಲ್ಲ..."