ಮುಡಿಯದ ಹೂಗಳ ಕಾಡು

ಹಿಂದೆ, ಅಜ್ಜಿಯ ಅಜ್ಜಿಗೂ ನೆನಪಿಲ್ಲದಷ್ಟು ಹಿಂದೆ, ಮಂಜರೀಪುರ ಎಂಬ ರಾಜ್ಯವಿತ್ತು. ಆ ರಾಜ್ಯದ ಅಂಚಿಗೊಂದು ಮೀಸಲು ಕಾಡು. ಯಾರು ಬೇಕಾದರೂ ಹೋಗಿ ನೋಡಬಹುದು, ಆದರೆ ಒಂದು ಹೂವನ್ನೂ ಕೀಳುವಂತಿಲ್ಲ. ಕಿತ್ತರೆ ಇಡೀ ಕಾಡು ಒಣಗುತ್ತಿತ್ತು. ದೇವರಿಗೆ ಏರಿಸದ, ಹೆಂಗಸರು ಮುಡಿಯದ ಹೂಗಳವು. ವಸಂತ, ಮಳೆಗಾಲ, ಶರತ್ಕಾಲ ಮೂರೂ ಅಲ್ಲಿ ಅಕ್ಕಪಕ್ಕದ ಮನೆಯವರ ಹಾಗೆ ಒಟ್ಟಿಗೇ ಇದ್ದವು.

ಪೇಟೆಬೀದಿಯಲ್ಲಿ ಚಲುವಯ್ಯ ಎಂಬ ಹೂವಾಡಿಗನಿದ್ದ. ತಾಯಿ ತಂದೆ ಇಲ್ಲದ ಅವನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳು ಅಕ್ಕ ಹೊನ್ನಾಜಿ. ಒಂದು ಬೆಳಿಗ್ಗೆ ಗುಂಜಾಕ್ಷನೆಂಬ ಮುದಿ ಮಾಂತ್ರಿಕ ಅವರ ಅಂಗಡಿಗೆ ಬಂದ. ಗುಲಗಂಜಿಯಂಥ ಕೆಂಪು ಕಣ್ಣು. ಮಾತಿನ ನಡುನಡುವೆಯೂ ತುಟಿಯಲ್ಲಿ ಮಂತ್ರ ಮಣಮಣ. ಅದು ಒಂದು ಗಳಿಗೆ ನಿಂತರೂ ಅವನು ಮಾಡಿದ ಮಾಯೆಯೆಲ್ಲ ಮಣ್ಣುಪಾಲು. ಪಾಪ, ಊಟಕ್ಕೆ ಕೂತರೂ ಅವನಿಗೆ ನೆಮ್ಮದಿಯಿಲ್ಲ!

ಅವನು ಹೊನ್ನಾಜಿಯತ್ತ ಬೆರಳು ತೋರಿಸಿದ. ಅವಳು ಗೇಣುದ್ದದ ಮರದ ಬೊಂಬೆಯಾದಳು. ಬೊಂಬೆಯನ್ನು ಜೋಳಿಗೆಗೆ ಹಾಕಿಕೊಂಡು ಹೇಳಿದ: “ಮೀಸಲು ಕಾಡಿನ ಬೆಟ್ಟದಲ್ಲಿ ಕುರಿಂಜಿ ಅರಳಿದೆ. ಹೂ ಕಟ್ಟುವ ಕೈಯೇ ಅದನ್ನು ಕೀಳಬೇಕು. ಸಂಜೆಯೊಳಗೆ ಒಂದೇ ಒಂದು ಹೂ ಕೊಡು, ಅಕ್ಕನನ್ನು ಕರ್ಕೊಂಡು ಹೋಗು. ಇಲ್ಲದಿದ್ದರೆ ಈ ಬೊಂಬೆ ನನ್ನ ಒಲೆಗೆ.”

ಆ ಹೂವಿನ ಬಲ ಸಿಕ್ಕರೆ ಕಾಡು ಒಣಗಿ ರಾಜ್ಯವೇ ಮಾಂತ್ರಿಕನದು. ಅದು ಚಲುವಯ್ಯನಿಗೂ ಗೊತ್ತಿತ್ತು. ಆದರೆ ಅಕ್ಕನ ಮುಂದೆ ರಾಜ್ಯ ಯಾವ ಲೆಕ್ಕ? ಎದ್ದೆನೋ ಬಿದ್ದೆನೋ ಎಂದು ಓಡಿದ.

ಮೊದಲು ಸಿಕ್ಕಿದ್ದು ವಸಂತ. ಮುತ್ತುಗ ಮೈತುಂಬ ಕೆಂಪಾಗಿತ್ತು, ಕಕ್ಕೆಯ ಹಳದಿ ಗೊಂಚಲು ನೆಲದವರೆಗೆ ಇಳಿದಿತ್ತು. ದಾರಿಗೆ ಅಡ್ಡವಾಗಿ ಕರಡಿಯೊಂದು ಕೂತಿತ್ತು.

“ಏನು ನೋಡಿದೆ?” ಎಂದಿತು ಕರಡಿ.

“ಇಪ್ಪತ್ತು ಮಾರು ಮಾಲೆಗಾಗುವಷ್ಟು ಹೂವು,” ಎಂದ ಚಲುವಯ್ಯ ಥಟ್ಟನೆ.

ಕರಡಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. “ಅಯ್ಯೋ ಹೂವಾಡಿಗ! ನೀನು ನೋಡಿದ್ದು ನಿನ್ನ ಅಂಗಡಿಯನ್ನ. ಹೋಗು, ಇನ್ನೊಂದು ಸಲ ನೋಡ್ಕೊಂಡು ಬಾ.”

ಚಲುವಯ್ಯ ಹಿಂದಕ್ಕೆ ಹೋದ, ಕತ್ತೆತ್ತಿದ. ಒಂದು ಮುತ್ತುಗದ ಹೂವಿನೊಳಗೆ ಗಿಳಿ ಕೊಕ್ಕು ತೂರಿಸಿ ಜೇನು ಹೀರುತ್ತಿತ್ತು. ಅದರ ಹಣೆಗೆ ಪರಾಗದ ಬೊಟ್ಟು. ಹುಟ್ಟಿದಾಗಿನಿಂದ ಹೂವಿನ ನಡುವೆಯೇ ಬೆಳೆದವನು ಇಂಥದ್ದನ್ನು ಕಂಡೇ ಇರಲಿಲ್ಲ. ಅದನ್ನು ಹೇಳಿದಾಗ ಕರಡಿ ದಾರಿ ಬಿಟ್ಟಿತು.

ಎರಡನೆಯದು ಮಳೆಗಾಲ. ಹಾವಸೆ ಹಿಡಿದ ಕೊಂಬೆಗಳಿಂದ ಸೀತಾಳೆದಂಡೆಯ ಹೂಗೊಂಚಲು ಜಡೆಯಂತೆ ಇಳಿಬಿದ್ದಿತ್ತು. ಬಂಡೆಯ ಮೇಲೆಲ್ಲ ಕರ್ಣಕುಂಡಲದ ಪುಟ್ಟ ಹೂಗಳು. ಹೆಬ್ಬಾವೊಂದು ತಲೆಯೆತ್ತಿ, “ಏನು ನೋಡಿದೆ?” ಎಂದಿತು.

“ಬೆರಳುಗುರಿನಷ್ಟು ಹೂವು. ಅಷ್ಟು ದೊಡ್ಡ ಮಳೆಹನಿಯನ್ನ ಬೀಳಿಸದೆ ಹೊತ್ಕೊಂಡಿದೆ,” ಎಂದ. ಹೆಬ್ಬಾವು ಸರಿದು ದಾರಿ ಕೊಟ್ಟಿತು.

ಮೂರನೆಯದು ಶರತ್ಕಾಲದ ಬೆಟ್ಟ. ಕಣ್ಣು ಹಾಯುವವರೆಗೂ ಕುರಿಂಜಿ. ಬೆಟ್ಟವೇ ನೀಲಿ, ಕಣಿವೆಯೇ ನೀಲಿ, ಸುತ್ತ ಜೇನುಹುಳುಗಳ ಝೇಂಕಾರ. ಮುದಿ ಆನೆಯೊಂದು, “ಏನು ನೋಡಿದೆ?” ಎಂದಿತು. ಚಲುವಯ್ಯನ ಕಣ್ಣು ತುಂಬಿತು, ಮಾತೇ ಹೊರಡಲಿಲ್ಲ. ಆನೆ ಸುಮ್ಮನೆ ಪಕ್ಕಕ್ಕೆ ನಿಂತಿತು.

ಅಷ್ಟರಲ್ಲಿ ಹದ್ದಾಗಿ ಹಾರಿ ಬಂದ ಗುಂಜಾಕ್ಷ ಎದುರಿಗಿಳಿದು ಮನುಷ್ಯನಾದ. “ಹೊತ್ತು ಮುಳುಗ್ತಾ ಇದೆ. ಕೀಳೋ!”

ಚಲುವಯ್ಯ ಕೈ ಚಾಚಿದ. ದಿನಕ್ಕೆ ಸಾವಿರ ಹೂ ಕಿತ್ತ ಬೆರಳು ಹೂವಿನ ಹತ್ತಿರ ಹೋಗಿ ಮಡಚಿಕೊಂಡಿತು. ಅಕ್ಕ ಬೇಕು, ಕಾಡೂ ಉಳಿಯಬೇಕು. ಏನು ಮಾಡುವುದೆಂದು ತೋಚದೆ, ದಿನವೂ ಗಿರಾಕಿಗೆ ಹೇಳುವ ಮಾತನ್ನೇ ಹೇಳಿಬಿಟ್ಟ: “ನೀವೇ ನೋಡಿ ಆರಿಸಿ ಸ್ವಾಮಿ. ಆರಿಸದೆ ಹೂ ಕೊಡೋದು ನಮ್ಮ ಕಸುಬಲ್ಲೇ ಇಲ್ಲ.”

ಗೊಣಗುತ್ತ ಗುಂಜಾಕ್ಷ ಬಗ್ಗಿದ. ಒಂದು ಹೂ ನೋಡಿದ, ತುಟಿಯಲ್ಲಿ ಮಂತ್ರ ನಡೆದೇ ಇತ್ತು. ಇನ್ನೊಂದನ್ನು ನೋಡಿದ, ಮಂತ್ರ ತಡವರಿಸಿತು. ಮೂರನೆಯದರ ಒಳಗೆ ನೀಲಿ ಕರಗಿ ನೇರಳೆಯಾಗಿತ್ತು, ಪುಟ್ಟ ಜೇನೊಂದು ಅಲ್ಲಿ ಹೊರಳಾಡುತ್ತಿತ್ತು.

“ಅಬ್ಬಾ!” ಎಂದ ಗುಂಜಾಕ್ಷ.

ಅಷ್ಟೇ. ಮಂತ್ರ ತುಂಡಾಯಿತು, ಜೋಳಿಗೆ ಹರಿಯಿತು. ಹೊನ್ನಾಜಿ ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತ ಎದ್ದು ನಿಂತಳು. “ಏನೋ ತಮ್ಮಾ, ಮುಖ ಬಾಡಿದೆ? ಬೆಳಿಗ್ಗೆಯಿಂದ ಏನೂ ತಿಂದಿಲ್ವಾ?” ಚಲುವಯ್ಯ ಅವಳ ಕೈ ಹಿಡಿದು ಚಿಕ್ಕ ಮಗುವಿನಂತೆ ಅತ್ತ.

ಮಾಯೆಯೆಲ್ಲ ಸೋರಿಹೋದ ಗುಂಜಾಕ್ಷ ಈಗ ಬರಿ ಮುದುಕ. “ಇದು ಮತ್ತೆ ಯಾವಾಗ ಅರಳುತ್ತೆ?” ಎಂದು ಮೆಲ್ಲಗೆ ಕೇಳಿದ.

“ಹನ್ನೆರಡು ವರ್ಷಕ್ಕೆ,” ಎಂದ ಚಲುವಯ್ಯ.

“ನಂಗೀಗ ತೊಂಬತ್ತು,” ಎಂದ ಮುದುಕನ ದನಿ ಒಡೆಯಿತು. “ಇಷ್ಟು ವರ್ಷ ಏನನ್ನೂ ನೋಡಲೇ ಇಲ್ಲವಲ್ಲಪ್ಪ.”

ಹೊನ್ನಾಜಿ ಅವನನ್ನು ಒಮ್ಮೆ ನೋಡಿದಳು, ಬೆಟ್ಟವನ್ನು ಒಮ್ಮೆ ನೋಡಿದಳು. ಆಮೇಲೆ ಬಂಡೆಯ ಮೇಲೆ ಕೂತು, ಪಕ್ಕದಲ್ಲಿ ಜಾಗ ಮಾಡಿದಳು. “ಬನ್ನಿ ಅಜ್ಜ, ಇನ್ನೂ ಬೆಳಕಿದೆ. ಕಣ್ತುಂಬ ನೋಡಿ.”

ಮೂವರೂ ಕೂತು ನೋಡಿದರು. ಕಾಡು ಉಳಿಯಿತು, ಮಂಜರೀಪುರ ಸುಖವಾಗಿತ್ತು, ಅವರೂ ಸುಖವಾಗಿದ್ದರು, ಕೇಳಿದ ನೀವೂ ಸುಖವಾಗಿರಿ.