ಮತ್ತೆ ಕಾಯಿಸಿದ ರೊಟ್ಟಿ

ಮೂರನೆಯ ತುತ್ತಿಗೇ ಅವನು ತಟ್ಟೆ ಬಿಟ್ಟು ಎದ್ದ.

ಒಂದು ಕೈ ಎದೆಯ ಮೇಲೆ, ಇನ್ನೊಂದು ಬಾಯಿಗೆ ಅಡ್ಡ. ಕೊಟ್ಟೂರಿನ ಬಸ್ ನಿಲ್ದಾಣದ ಹಿಂದಿನ ಆ ಸಣ್ಣ ಖಾನಾವಳಿಯಲ್ಲಿ ರಾತ್ರಿ ಊಟಕ್ಕೆ ಕೂತಿದ್ದ ಹತ್ತು ಜನರೂ ತಲೆ ಎತ್ತಿ ನೋಡಿದರು. ಅವನು ಬಾಗಿಲು ದಾಟಿ, ಚರಂಡಿಯ ಮುಂದೆ ಕೂತು, ಉಂಡದ್ದನ್ನೆಲ್ಲ ಕಾರಿಕೊಂಡ.

ಸೌಟು ಹಿಡಿದಿದ್ದ ಸುಮಲತಾ ನಿಂತಲ್ಲೇ ನಿಂತಳು.

"ಏನ್ ಹಾಕೀದಿಬೇ ಇವತ್ತು?" ಎಂದ ಎಣ್ಣೆ ಗಿರಣಿಯ ಹಮಾಲ ದುರುಗಣ್ಣ. ತಮಾಷೆಗೇ ಅಂದದ್ದು. ಯಾರೂ ನಗಲಿಲ್ಲ. ಅವನೇ ತನ್ನ ತಟ್ಟೆಯ ರೊಟ್ಟಿಯನ್ನು ಮೂಸಿ ನೋಡಿದ.

ಅವಳು ಚೊಂಬಿನಲ್ಲಿ ನೀರು ತಗೊಂಡು ಹೊರಗೆ ಹೋದಳು.

"ಸರ್... ಏನಾತ್ರಿ?"

"ಏನಿಲ್ಲ. ನಂದೇ ತಪ್ಪು."

ಬಾಯಿ ಮುಕ್ಕಳಿಸಿದ. ಒಂದು ಗುಟುಕೂ ಕುಡಿಯಲಿಲ್ಲ. ಅವಳ ಮುಖ ನೋಡದೆ ನಡೆದುಬಿಟ್ಟ.

ಅರುಣಕುಮಾರ್ ಹರಪನಹಳ್ಳಿಯವನು. ಮೂರು ವಾರದ ಹಿಂದೆ ವರ್ಗವಾಗಿ ಇಲ್ಲಿನ ಕಾಲೇಜಿಗೆ ಇತಿಹಾಸ ಕಲಿಸಲು ಬಂದವನು. ಎರಡು ಹೊತ್ತೂ ಸುಮಲತಾಳ ಖಾನಾವಳಿಯಲ್ಲೇ ಊಟ. ಮಧ್ಯಾಹ್ನ ಅರ್ಧ ರೊಟ್ಟಿ, ರಾತ್ರಿ ಅದಕ್ಕಿಂತ ಕಡಿಮೆ. ಒಂದೊಂದು ತುತ್ತನ್ನೂ ದನ ಮೆಲುಕು ಹಾಕಿದಂತೆ ಅಗಿಯುತ್ತಿದ್ದ.

"ರುಚಿ ಇಲ್ಲೇನ್ರಿ ಸರ್?" ಎಂದು ಅವಳು ಪಕ್ಕದಲ್ಲೇ ನಿಂತು ಕೇಳುತ್ತಿದ್ದಳು.

"ಚೆನ್ನಾಗೈತೆ," ಎಂದು ಇನ್ನೊಂದು ತುತ್ತು ಬಾಯಿಗಿಡುತ್ತಿದ್ದ.

ಏಳು ಗಂಟೆಯಾದರೆ ಅವಳ ಕಣ್ಣು ಬಾಗಿಲ ಕಡೆ ಹೋಗುವುದು ಅಭ್ಯಾಸವಾಗಿತ್ತು. ಯಾಕೆಂದು ಅವಳು ತನ್ನನ್ನು ಕೇಳಿಕೊಂಡಿರಲಿಲ್ಲ. ಗಂಡ ಸತ್ತು ಆರು ವರ್ಷ. ಅಂಥ ಪ್ರಶ್ನೆಗಳಿಗೆ ಪುರುಸೊತ್ತು ಎಲ್ಲಿತ್ತು?

ಬಾಗಿಲ ಮೇಲಿನ ಬೋರ್ಡಿನಲ್ಲಿ ಕೆಂಪು ಅಕ್ಷರ: ಇಲ್ಲಿ ಬಿಸಿ ರೊಟ್ಟಿ ಮಾತ್ರ.

ಅದು ಪೂರ್ತಿ ನಿಜವಲ್ಲ. ಮುದುಕಿ ಗಾದೆಮ್ಮ ರೊಟ್ಟಿ ಬಡಿಯುತ್ತಿದ್ದದ್ದು ಬೆಳಿಗ್ಗೆ ಮಾತ್ರ. ಸಂಜೆ ಉಳಿದ ರೊಟ್ಟಿಗೆ ನೀರು ಚಿಮುಕಿಸಿ, ಹಂಚಿನ ಮೇಲೆ ಮತ್ತೆ ಕಾಯಿಸಿ, ಬಟ್ಟೆಯಲ್ಲಿ ಸುತ್ತಿಡುವುದು ಸುಮಲತಾಳ ಕೈಚಳಕ. ಆರು ವರ್ಷದಲ್ಲಿ ಒಬ್ಬರೂ ಬಾಯಿಬಿಟ್ಟು ಏನೂ ಅಂದಿರಲಿಲ್ಲ.

ಆದರೆ ಆ ವಾಂತಿ ಊರೆಲ್ಲ ಸುತ್ತಿತು. ಸಂತೆಯ ಹೊತ್ತಿಗೆ ಸಾರಿನಲ್ಲಿ ಹಲ್ಲಿ ಬಿದ್ದಿತ್ತು ಎಂದಾಗಿತ್ತು. ಹತ್ತು ಜನ ಮೂವರಾದರು. ಅವನಂತೂ ಮತ್ತೆ ಬರಲೇ ಇಲ್ಲ.

"ಇಲ್ಲೇ ಕುಂತು ಕೊರಗಿದ್ರ ಏನ್ ಬಂತು? ಹೋಗಿ ಕೇಳು," ಎಂದಳು ಗಾದೆಮ್ಮ. "ನಮ್ಮ ಅನ್ನ ಉಂಡಾನ. ಉತ್ತರ ಕೊಡ್ಲಿ."

ಭಾನುವಾರ ಬೆಳಿಗ್ಗೆ ಅವಳು ಅವನ ಬಾಡಿಗೆ ಕೋಣೆಯ ಬಾಗಿಲು ಬಡಿದಳು. ಒಳಗೆ ಹೋಗಲಿಲ್ಲ.

"ನನ್ನ ಊಟದಾಗ ಏನ್ ಸಿಕ್ತು ಹೇಳ್ರಿ ಸರ್. ಊರಿಗೆಲ್ಲ ಹಲ್ಲಿ ಕಾಣಿಸೇತಿ. ನಿಮಗೇನ್ ಕಾಣಿಸ್ತು?"

ಅವನು ಬಾಗಿಲು ಎಳೆದುಕೊಂಡು ಹೊರಗೆ ಬಂದ.

"ಹೋದ ವರ್ಷ ಬೆಂಗಳೂರಿನಾಗೆ ಆಪರೇಷನ್ ಆತು. ಹೊಟ್ಟೆ ಕೊಯ್ದು ಸಣ್ಣದು ಮಾಡಿದಾರೆ."

"ಗಡ್ಡಿ ಇತ್ತೇನ್ರಿ?"

"ಇಲ್ಲ. ನಾನೇ ಇದ್ದೆ. ನೂರಾ ಮೂವತ್ತೆಂಟು ಕೆ.ಜಿ."

ಅವಳು ಅವನ ಸಣಕಲು ಭುಜಗಳನ್ನು ನೋಡಿದಳು. ನಂಬಲಾಗಲಿಲ್ಲ.

"ಈಗ ಹೊಸದಾಗಿ ಬೇಯಿಸಿದ್ದು ಒಂದಿಷ್ಟು ಇಳಿತೈತೆ. ಮತ್ತೆ ಕಾಸಿದ್ದು ಇಳಿಯಲ್ಲ. ಒಣಗಿರ್ತೈತೆ ನೋಡ್ರಿ... ಎದೆಯಾಗೇ ನಿಂತ್ಕೊಂಡ್ಬಿಡ್ತೈತೆ."



"ಅಂದ್ರ... ನಿಮಗ ಗೊತ್ತಿತ್ತು."

"ಮೊದಲ್ನೇ ರಾತ್ರಿನೇ. ಹೆಂಗೋ ಇಳಿಸ್ತಿದ್ದೆ, ಆವತ್ತು ಆಗ್ಲಿಲ್ಲ."

"ಮತ್ಯಾಕ ತಿಂದ್ರಿ?"

"ನೀವು ಪಕ್ಕದಾಗೆ ನಿಂತು ನೋಡ್ತಿದ್ರಿ."

ಬೇರೆ ಹೊತ್ತಾಗಿದ್ದರೆ ಆ ಮಾತು ಅವಳ ಎದೆಗೆ ನಾಟುತ್ತಿತ್ತೇನೋ. ಈಗ ಸಿಟ್ಟು ಬಂತು.

"ನೀವು ದಾಕ್ಷಿಣ್ಯಕ್ಕ ತಿಂದ್ರಿ, ನನ್ನ ಒಲಿ ಆರಾಕ ಬಂತು. ಬಂದು ನಾಕು ಮಂದಿಗೆ ಆಪರೇಷನ್ ಆಗೇತಿ ಅಂತ ಹೇಳ್ರಿ. ಅಷ್ಟು ಸಾಕು."

ಅವನು ತಲೆಯಾಡಿಸಿದ. "ಅದೊಂದು ಆಗಲ್ಲ ರೀ. ಹರಪನಹಳ್ಳಿಯಾಗೆ ಹುಡುಗ್ರು ಬೋರ್ಡ್ ಮೇಲೆ ನನ್ನ ಹೊಟ್ಟೆ ಚಿತ್ರ ಬರೀತಿದ್ರು. ದಪ್ಪ ಇದ್ದಾಗ ಒಂದು, ಕೊಯ್ಸಿಕೊಂಡ ಮೇಲೆ ಒಂದು. ಯಾರಿಗೂ ಗೊತ್ತಿರದ ಊರು ಅಂತ ಇಲ್ಲಿಗೆ ಬಂದೆ."

"ಆತು ಬಿಡ್ರಿ. ನಿಮ್ಮ ಮಾನ ನಿಮಗ ದೊಡ್ಡದು."

ದಾರಿಯುದ್ದಕ್ಕೂ ಅವಳು ಒಂದೇ ಮಾತು ಹೇಳಿಕೊಂಡಳು: ಇವನಿಗಾಗಿ ಬಾಗಿಲು ನೋಡಿದ ನಾನೇ ಹುಚ್ಚಿ.

ಸೋಮವಾರ ಮಧ್ಯಾಹ್ನ ಮೂವರು ಉಣ್ಣುತ್ತಿದ್ದರು. ಬಾಗಿಲ ಹೊರಗೆ ದುರುಗಣ್ಣ ಮತ್ತವನ ಜೊತೆಯವರು, ಒಳಗೆ ಬರುವುದೋ ಬೇಡವೋ ಎಂದು ಬೀಡಿ ಸೇದುತ್ತ ನಿಂತಿದ್ದರು. ಅರುಣಕುಮಾರ್ ನೇರ ಅವರ ಹತ್ತಿರ ಬಂದ.

"ಆವತ್ತು ನಾನು ಕಾರಿಕೊಂಡಿದ್ದು ಊಟದ ದೋಷ ಅಲ್ಲ. ತೂಕ ಇಳಿಲಿ ಅಂತ ಹೊಟ್ಟೆ ಕೊಯ್ಸಿಕೊಂಡೀನಿ. ದೋಷ ನನ್ನ ಹೊಟ್ಟೆದು."

"ತೂಕ ಇಳಿಯಾಕ?" ದುರುಗಣ್ಣ ಬೀಡಿ ತೆಗೆದ. "ನಮ್ಮ ಗಿರಣ್ಯಾಗ ನಾಕು ದಿನ ಚೀಲ ಹೊತ್ತಿದ್ರ ಪುಕ್ಕಟ ಇಳಿತಿತ್ತಲ್ರೀ ಮೇಷ್ಟ್ರ."

ಎಲ್ಲರೂ ನಕ್ಕರು. ನಗು ಮುಗಿಯುವ ತನಕ ಅವನು ಅಲ್ಲೇ ನಿಂತಿದ್ದ. ಆಮೇಲೆ ಅಂಗಿ ಮೇಲೆತ್ತಿದ. ಐದು ಸಣ್ಣ ಗಾಯದ ಗುರುತು. ಅವುಗಳ ಸುತ್ತ ಬಸಿದುಹೋದ ಚರ್ಮ, ಖಾಲಿ ಚೀಲದಂತೆ ಮಡಿಕೆಮಡಿಕೆಯಾಗಿ ಜೋತುಬಿದ್ದಿತ್ತು.

ನಗು ನಿಂತಿತು.

ಒಲೆಯ ಮುಂದಿನಿಂದ ಸುಮಲತಾ ಉಸಿರು ಹಿಡಿದು ನೋಡುತ್ತಿದ್ದಳು. ಈಗ ಹೇಳುತ್ತಾನೆ... ಕಾಯಿಸಿದ ರೊಟ್ಟಿಯ ಮಾತು ಈಗ ಬರುತ್ತದೆ.

ಬರಲಿಲ್ಲ. ಅಂಗಿ ಇಳಿಸಿ, ಬಂದ ದಾರಿಯಲ್ಲೇ ಹೋದ. ತನ್ನ ಗುಟ್ಟು ಬಿಚ್ಚಿಟ್ಟು, ಅವಳದನ್ನು ಮುಚ್ಚಿಟ್ಟು ಹೋದ.

ಆ ಸಂಜೆ ಹಮಾಲರೆಲ್ಲ ಮರಳಿ ಬಂದರು. ಸುಮಲತಾ ರೊಟ್ಟಿ ಬುಟ್ಟಿಯನ್ನು ಅವರ ಮುಂದೆ ಇಟ್ಟಳು.

"ಇವು ಬೆಳಗಿನವು. ರಾತ್ರಿ ನಿಮಗ ಯಾವಾಗ್ಲೂ ಬೆಳಗಿನವನ್ನ ಕಾಸಿ ಕೊಟ್ಟೀನಿ. ಮೇಷ್ಟ್ರಿಗೆ ಇಳಿಲಿಲ್ಲ, ಅದಕ್ಕ ಕಾರಿಕೊಂಡ್ರು. ಹೋಗಾವ್ರು ಹೋಗ್ರಿ."

ದುರುಗಣ್ಣ ಒಂದು ರೊಟ್ಟಿ ಎತ್ತಿಕೊಂಡ. "ಗೊತ್ತೈತಿ ತಗಿಯಬೇ. ರಾತ್ರಿ ಬಡಿಯಾ ಸಪ್ಪಳ ಇಲ್ದ ಬಿಸಿ ರೊಟ್ಟಿ ಎಲ್ಲಿಂದ ಬರ್ತಾವ? ಪಲ್ಯ ಹಾಕು."

ಆದರೂ ಇಬ್ಬರು ಎದ್ದು ಹೋದರು. ಅವಳು ಅವರನ್ನು ಕರೆಯಲಿಲ್ಲ. ಮರುದಿನ ಬೋರ್ಡಿನ ಆ ಸಾಲಿಗೆ ಸುಣ್ಣ ಬಳಿದಳು.

ಬುಧವಾರ ಮಧ್ಯಾಹ್ನ ಅರುಣಕುಮಾರ್ ಬಂದ. ಬಹುಶಃ ದುರುಗಣ್ಣ ಎಲ್ಲ ಹೇಳಿದ್ದ. ಜನ ಉಂಡು ಹೋಗಿದ್ದರು. ಅವಳು ತನ್ನ ಪಾಲಿನ ನಿನ್ನೆಯ ರೊಟ್ಟಿಯನ್ನು ಮುರಿದು ಬೇಳೆಯ ಕಟ್ಟಿನಲ್ಲಿ ನೆನೆಸಿಕೊಂಡು ಕೂತಿದ್ದಳು.

"ನೀವು ಯಾಕೆ ಹೇಳಿದ್ರಿ?" ಎಂದ.

"ನೀವು ಯಾಕ ಹೇಳ್ಲಿಲ್ಲ?"

ಅವನು ಎದುರಿಗೆ ಕೂತ. "ನಂಗೂ ಅದನ್ನೇ ಕೊಡ್ರಿ."

"ಇದು ನಿನ್ನೆದು. ಬ್ಯಾಡ. ಬಿಸಿದು ಮಾಡಿಸ್ತೀನಿ."

"ಒಂದು ಚಮಚ. ಇಳಿತೈತೋ ಇಲ್ವೋ ನೋಡಾಣ."

ಮೆತ್ತಗಾಗಿದ್ದನ್ನು ಬೆರಳಲ್ಲಿ ಇನ್ನಷ್ಟು ಕಿವುಚಿ, ಚಮಚದಲ್ಲಿ ಕೊಟ್ಟಳು. ಅವನು ಅಗಿದ. ನುಂಗಿದ. ಎದೆಯ ಮೇಲೆ ಕೈ ಇಟ್ಟುಕೊಂಡ.

"ಈಗ?"

"ಹತ್ತು ನಿಮಿಷ ಕಾಯ್ಬೇಕು."

ಅವಳು ಕಾದಳು. ಯಾರಾದರೂ ಉಣ್ಣುವಾಗ ಅವಳು ಕೂತದ್ದು ಆರು ವರ್ಷದಲ್ಲಿ ಇದೇ ಮೊದಲು.

"ಇಷ್ಟು ಹೊತ್ತು ದಿನಾ ಯಾರು ಕುಂದರ್ತಾರ್ರಿ ನಿಮ್ಮ ಮುಂದ?" ಎಂದಳು ಮೆಲ್ಲಗೆ.

"ಅದನ್ನ ಕೇಳೋಕೇ ಬಂದೆ. ನೀವು ಕುಂದ್ರುತೀರಾ?"

ಅವಳು ತಟ್ಟೆ ನೋಡಿದಳು. "ನಾನು ಗಂಡ ಸತ್ತಾಕಿ."

"ನಾನು ಹೊಟ್ಟೆ ಕೊಯ್ಸಿಕೊಂಡೋನು."

"ಮಂದಿ ನಗ್ತಾರ."

"ನಗು ಮುಗಿಯೋ ತನ್ಕ ನಿಂತ್ಕೊಳ್ಳೋದು ಕಲ್ತೀನಿ."

ಅವಳ ಕಣ್ಣು ತುಂಬಿದವು. ಒರೆಸಿಕೊಳ್ಳಲಿಲ್ಲ. ಚಮಚವನ್ನು ಮತ್ತೆ ಬೇಳೆಯಲ್ಲಿ ಅದ್ದಿದಳು.

"ಇಳೀತೇನು?"

"ಇಳೀತು."

"ಹಂಗಾರ ಇನ್ನೊಂದು ತಗೋರಿ. ಸಾವಕಾಶ ಅಗೀರಿ... ನಾನೇನ್ ಎದ್ದು ಹೋಗಂಗಿಲ್ಲ."